ಒಂದು ಉಸಿರಿನ ಹೊತ್ತು

ಮೂರನೆಯ ಏಟಿಗೆ ಬೀಗ ಕಳಚಿ ಬಿತ್ತು. ಕೈಯಲ್ಲಿದ್ದ ಕಲ್ಲನ್ನು ತಮ್ಮ ಅತ್ತ ಎಸೆದು ಬಾಗಿಲನ್ನು ಭುಜದಿಂದ ನೂಕಿದ. ಆರೋಗ್ಯ ಕೇಂದ್ರದ ಪಕ್ಕದ ಕೋಣೆ ಅದು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ‘ತುರ್ತು ಚಿಕಿತ್ಸೆ, ಹಗಲೂ ರಾತ್ರಿ’ ಎಂದು ಬರೆದಿತ್ತು. ಆಗಿನ್ನೂ ಬೆಳಕು ಹರಿಯುತ್ತಿತ್ತು. ಕೇಂದ್ರದ ಮುಂಬಾಗಿಲು ತೆರೆಯುವುದಕ್ಕೆ ಬಹಳ ಹೊತ್ತಿತ್ತು.

ಹಿಂದೆ ಜಗುಲಿಯ ಮೇಲೆ, ವ್ಯಾನಿನಿಂದ ಇಳಿಸಿ ತಂದ ಅಣ್ಣ ತನ್ನ ಹೆಂಡತಿಯ ಎದೆಗೆ ಒರಗಿ ಕೂತಿದ್ದ. ಉಸಿರು ಒಳಗೆ ಹೋಗುವಾಗ ಗರಗಸ ಎಳೆದಂಥ ಸದ್ದು ಬರುತ್ತಿತ್ತು. ಹೊರಗೆ ಬರುವಾಗ ಸದ್ದೇ ಇರಲಿಲ್ಲ. ಕಲ್ಲನ್ನು ತಮ್ಮ ಎತ್ತಿಕೊಂಡಾಗಲೇ ಅಣ್ಣ ತಲೆಯಾಡಿಸಿ ಬೇಡವೆಂದಿದ್ದ. ಆಮೇಲೆ ಬಲಗೈಯಿಂದ ಎದೆಯ ಎಡಭಾಗವನ್ನು ತಟ್ಟಿಕೊಳ್ಳತೊಡಗಿದ. ಮತ್ತೆ ಮತ್ತೆ, ಅದೇ ಜಾಗವನ್ನು.

“ಎದೆ ಬಿಗೀತಾ ಇದೆ ಅಂತಿದಾರೆ ಕಣೋ, ಬೇಗ ನೋಡು,” ಎಂದು ಅತ್ತಿಗೆ ಕೂಗಿದಳು. “ಆ ಉಸಿರಿನ ಮೆಷೀನು ಎಲ್ಲಿದೆ ನೋಡು!”

ತಮ್ಮ ಹೊಸ್ತಿಲ ಒಳಗೆ ನಿಂತು ನೋಡಿದ. ಗೋಡೆಯಿಂದ ಗೋಡೆಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಸುತ್ತಿಟ್ಟ ಜಮಖಾನ. ಮಡಿಸಿದ ಬ್ಯಾನರು. ಎಲ್ಲದರ ಮೇಲೆ ಧ್ವನಿವರ್ಧಕದ ಕಹಳೆಯೊಂದು ಬಾಗಿಲ ಕಡೆಗೆ ಬಾಯಿ ತೆರೆದುಕೊಂಡು ಕೂತಿತ್ತು.

“ಅತ್ತಿಗೆ, ಇಲ್ಲಿ ಕುರ್ಚಿ ಇದಾವೆ.”

“ಏನು?”

“ಕುರ್ಚಿ. ಬರೀ ಕುರ್ಚಿ.”

ಅವಳು ಗಂಡನ ಮುಖ ನೋಡಿದಳು. ತಟ್ಟಿಕೊಳ್ಳುತ್ತಿದ್ದ ಕೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಗರಗಸದ ಸದ್ದು ನಿಂತಿತ್ತು.

*

“ಮೈಕಣ್ಣ ಹೋಗ್ಬಿಟ್ಟ” ಎಂಬ ಸುದ್ದಿ ಕೆಳಗಿನ ಬೀದಿಯನ್ನು ಸುತ್ತಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವನು ಮೈಕಣ್ಣ. ಅವನ ಹೆಂಡತಿಯನ್ನು ಕೂಡ ಮೈಕಣ್ಣನ ಮನೆಯವರು ಎಂದೇ ಕರೆಯುತ್ತಿದ್ದರು.

ಒಂದೇ ಕೋಣೆಯ ಮನೆ. ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ನೆಲಕ್ಕೆ ಚಾಪೆ ಹಾಸಿ ಅವನನ್ನು ಮಲಗಿಸಿದ್ದರು. ಕಿಟಕಿಯ ಹಲಗೆಯ ಮೇಲೆ ಕೆಮ್ಮಿನ ಔಷಧದ ಸೀಸೆಗಳು, ಹಬೆ ತೆಗೆದುಕೊಳ್ಳುವ ಪಾತ್ರೆ, ಓದುವ ಕನ್ನಡಕ ನಿನ್ನೆ ಇದ್ದಂತೆಯೇ ಇದ್ದವು. ಮೈ ತೊಳೆಸುವಾಗ ಹೆಂಡತಿ ಅವನ ಅಂಗಿಯ ಎಡಜೇಬಿನಲ್ಲಿ ಒಂದು ಕೀಲಿಯನ್ನು ಕಂಡಿದ್ದಳು. ಮನೆಯ ಕೀಲಿಯಲ್ಲ, ತಗಡಿನ ಬಿಲ್ಲೆ ಕಟ್ಟಿದ ಕಚೇರಿಯ ಕೀಲಿ. ಯಾವುದೋ ಬೀರುವಿನದಿರಬೇಕು ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಊರಿನ ಸಾವುಗಳಿಗೆಲ್ಲ ಪ್ರಾರ್ಥನೆ ಹೇಳುವ ಮುದುಕರು ತಲೆಯ ಹತ್ತಿರ ಕೂತಿದ್ದರು. ಅವರನ್ನು ಚಿಕ್ಕವರು ದೊಡ್ಡವರೆಲ್ಲ ದೊಡ್ಡಪ್ಪ ಎನ್ನುತ್ತಿದ್ದರು. ಬಾಗಿಲ ಹೊರಗೆ ಟೀ ಅಂಗಡಿಯವನು ಕಂಬಕ್ಕೆ ಒರಗಿ ನಿಂತಿದ್ದ.

“ಏನು ದನಿ ಕಣಯ್ಯ ಅದು! ಬಸ್‌ಸ್ಟ್ಯಾಂಡಲ್ಲಿ ಅವನು ಬಾಯಿ ತೆಗೆದ್ರೆ ನನ್ನ ಅಂಗಡೀಲಿ ಗ್ಲಾಸು ಅಲ್ಲಾಡ್ತಿತ್ತು.”

“ಈಚೆಗೆ ಬಾಯಿ ತೆಗೆದ್ರೆ ಅವನೇ ಅಲ್ಲಾಡ್ತಿದ್ದ,” ಎಂದ ತಮ್ಮ. ನಗು ತರಿಸಬೇಕೆಂದೇ ಹೇಳಿದ್ದ. ಹೇಳಿದ ಮೇಲೆ ಮುಖ ತಿರುಗಿಸಿಕೊಂಡ. ಕಲ್ಲು ಹಿಡಿದಿದ್ದ ಅಂಗೈ ಇನ್ನೂ ತರಚಿಕೊಂಡೇ ಇತ್ತು.

“ಅಲ್ಲ, ಮೇಲಿನ ಬೀದಿಯೋರು ಒಬ್ರೂ ಕಾಣ್ತಿಲ್ವಲ್ಲ?”

“ಅವರು ಬರ್ತಾರಾ? ನೀನಾಗಿದ್ರೆ ಬರ್ತಿದ್ಯಾ?”

“ಸತ್ತೋರ ಮೇಲೇನು ಸಿಟ್ಟು.”

“ಅವರ ಮನೇಲೂ ಒಂದು ಜೀವ ಹೋಗಿತ್ತಲ್ಲಪ್ಪ.”

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆಯ ಗಂಟನ್ನು ಹೊತ್ತುಕೊಂಡು ಬಂದಳು. ಹೊಲಿಸಿಕೊಂಡು ಬರಲೆಂದು ಬೆಳಿಗ್ಗೆಯೇ ಅವಳನ್ನು ಮೇಲಿನ ಬೀದಿಯ ದರ್ಜಿಯ ಹತ್ತಿರ ಕಳಿಸಿದ್ದರು. ಊರಿಗೆ ಇದ್ದದ್ದು ಆ ದರ್ಜಿ ಹೆಂಗಸೊಬ್ಬಳೇ. ಬಟ್ಟೆ ಹೇಗೆ ಹೋಗಿತ್ತೋ ಹಾಗೇ ಬಂದಿತ್ತು.

“ಏನಂದ್ಳು?” ಎಂದು ಹೆಂಡತಿ ಕೇಳಿದಳು.

“ಬಿಡಕ್ಕ, ಯಾಕೆ ಈಗ.”

“ಹೇಳು.”

“‘ಆ ಮನುಷ್ಯನ ಬಟ್ಟೆಗೆ ಹಾಕೋಕೆ ನನ್ನ ಹತ್ರ ದಾರ ಇಲ್ಲ’ ಅಂದ್ಳು. ಅಷ್ಟೇ. ಮೆಷೀನು ತುಳೀತಾನೇ ಹೇಳಿದ್ಳು, ತಲೆ ಕೂಡ ಎತ್ತಲಿಲ್ಲ.”

ಹೆಂಡತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. “ಅವರು ಏನು ಮಾಡಿದ್ರು ಅಂತ? ಬರೆದು ಕೊಟ್ಟಿದ್ದನ್ನ ಓದಿದ್ರು,” ಎಂದು ತನ್ನಷ್ಟಕ್ಕೇ ಎಂಬಂತೆ ಹೇಳಿದಳು. ಒಂದು ವರ್ಷದಿಂದ ಅವಳು ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ, ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಅದು.

*

ಅವನು ಮೊದಲು ಬಸ್ ನಿಲ್ದಾಣದಲ್ಲಿ ಬಸ್ಸುಗಳು ಹೊರಡುವ ಹೊತ್ತನ್ನು ಕೂಗಿ ಹೇಳುವ ಕೆಲಸದಲ್ಲಿದ್ದ. ಒಮ್ಮೆ ಉಸಿರೆಳೆದುಕೊಂಡನೆಂದರೆ ದಾರಿಯ ಊರುಗಳ ಹೆಸರನ್ನೆಲ್ಲ ಒಂದೇ ಎಳೆಯಲ್ಲಿ ಹೇಳಿ ಮುಗಿಸುತ್ತಿದ್ದ. ಮೈಕು ಕೆಟ್ಟ ದಿನವೂ ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ. ದೇವರು ಈ ಎದೆಗೂಡನ್ನು ಎತ್ತಿಗೆಂದು ಮಾಡಿಟ್ಟು ಕೈತಪ್ಪಿ ಇವನಿಗೆ ಕೊಟ್ಟುಬಿಟ್ಟ ಎಂದು ದೊಡ್ಡಪ್ಪ ತಮಾಷೆ ಮಾಡುತ್ತಿದ್ದರು.

ಆ ಕಾಲಕ್ಕೆ ರಾಜಧಾನಿಯಲ್ಲಿ ಬಡತನವನ್ನು ಕಡಿಮೆ ಮಾಡುವ ದೊಡ್ಡ ಯೋಜನೆಯೊಂದು ಸಿದ್ಧವಾಯಿತು. ಅದಕ್ಕೆ ಹಣ ಕೊಟ್ಟವರು ಒಂದು ಷರತ್ತು ಹಾಕಿದ್ದರು. ಯಾವ ಊರಿಗೆ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು, ಕೆಲಸ ಎಲ್ಲಿಗೆ ಬಂತು ಎಂಬುದನ್ನು ಆಯಾ ಊರಿನ ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು. ಜನ ‘ಆಗಿದೆ’ ಅನ್ನಬೇಕು, ಇಲ್ಲವೇ ‘ಆಗಿಲ್ಲ’ ಅನ್ನಬೇಕು. ಆ ಮಾತು ಹಾಗೆಯೇ ರಾಜಧಾನಿಗೆ ಹೋಗಬೇಕು. ಓದಲು ಬಾರದವರ ಊರಿಗೆ ಓದುವವನೊಬ್ಬ ಬೇಕಾಗಿದ್ದ. ಕಚೇರಿಯವರು ನೇರವಾಗಿ ಬಸ್ ನಿಲ್ದಾಣಕ್ಕೆ ಬಂದರು.

ಮೊದಲನೆಯ ಸಭೆ ಶಾಲೆಯ ಅಂಗಳದಲ್ಲಿ, ಸಂಜೆ, ಎಲ್ಲರೂ ಕೆಲಸ ಮುಗಿಸಿ ಬಂದ ಮೇಲೆ ನಡೆಯಿತು. “ಕೆಳಗಿನ ಬೀದಿಯ ಚರಂಡಿ. ಹಣ ಬಿಡುಗಡೆಯಾಗಿದೆ. ಕೆಲಸ ಮುಗಿದಿದೆ,” ಎಂದು ಮೈಕಣ್ಣ ಓದಿದ.

“ಯಾರ ಕನಸಲ್ಲಿ ಮುಗೀತಪ್ಪ?” ಎಂದು ಮುದುಕಿಯೊಬ್ಬಳು ಕೂತಲ್ಲಿಂದಲೇ ಕೇಳಿದಳು.

ಅಂಗಳವೆಲ್ಲ ನಕ್ಕಿತು. “ಆಗಿಲ್ಲ! ಆಗಿಲ್ಲ!” ಎಂದು ಜನ ಕೂಗಿದರು. ಮೈಕಣ್ಣನೂ ನಕ್ಕ. ನಕ್ಕು, ಹಿಂದೆ ಕೂತವರಿಗೂ ಬರೆದುಕೊಳ್ಳುವ ಗುಮಾಸ್ತನಿಗೂ ಕೇಳಲೆಂದು, ಎದೆ ತುಂಬ ಉಸಿರೆಳೆದು ಮೈಕಿನಲ್ಲಿ ಮತ್ತೆ ಹೇಳಿದ: “ಆ-ಗಿ-ಲ್ಲ.” ಗುಡ್ಡದಾಚೆಯ ಸ್ಮಶಾನದವರೆಗೂ ಅದು ಕೇಳಿಸಿತು ಎಂದು ಜನ ಹೇಳಿಕೊಂಡರು. ಮುಂದಿನ ಬೇಸಿಗೆಯೊಳಗೆ ಚರಂಡಿ ನಿಜವಾಗಿಯೂ ಬಂತು. ಅದರ ಹಿಂದೆಯೇ ನಲ್ಲಿ ಬಂತು, ಶಾಲೆಗೆ ಸೂರು ಬಂತು. ಆ ಎರಡು ವರ್ಷ ಅವನು ಬೀದಿಯಲ್ಲಿ ನಡೆದರೆ ಜನ ಕೂತಲ್ಲಿಂದ ಏಳುತ್ತಿದ್ದರು. ಇಷ್ಟು ಬಲವಿರುವ ಮಾತನ್ನು ತಾನು ಬಸ್ಸುಗಳ ಹೆಸರು ಕೂಗುವುದರಲ್ಲಿ ಕಳೆದೆನಲ್ಲ ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದ.

*

ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಕಾರು ಬೀದಿಯ ತುದಿಯಲ್ಲಿ ನಿಂತಿತು. ಪ್ರಗತಿ ಅಧಿಕಾರಿ ಹೂವಿನ ಹಾರವೊಂದನ್ನು ತಂದಿದ್ದ. ಊರೂರಿನ ಕೆಲಸ ಎಲ್ಲಿಗೆ ಬಂತೆಂದು ರಾಜಧಾನಿಗೆ ಲೆಕ್ಕ ಒಪ್ಪಿಸುವವನು ಅವನು. ಹೂವನ್ನು ಕಾಲ ಬಳಿ ಇಟ್ಟು, ತಲೆ ಬಗ್ಗಿಸಿ ನಿಂತು, ಆಮೇಲೆ ಬಾಗಿಲಿಗೆ ಬಂದು ಸೇರಿದವರ ಕಡೆಗೆ ತಿರುಗಿದ.

“ಇವತ್ತು ನಮ್ಮ ಜಿಲ್ಲೆ ರಾಜಧಾನಿಯ ನಕ್ಷೆಯಲ್ಲಿ ಪೂರ್ತಿ ಹಸಿರಾಗಿದೆ ಅಂದ್ರೆ, ಅದ್ರಲ್ಲಿ ಇವರ ದನಿ ಇದೆ. ಇಂಥ ಓದುಗಾರ ನಮಗೆ ಇನ್ನೊಬ್ಬ ಸಿಗಲ್ಲ.”

ಯಾರೂ ಮಾತನಾಡಲಿಲ್ಲ. ಟೀ ಅಂಗಡಿಯವನು ಮಾತ್ರ ಪಕ್ಕದವನ ಕಿವಿಯಲ್ಲಿ, “ಸುಮ್ನಿದೀವಲ್ಲ, ಒಪ್ಪಿದ್ವಿ ಅಂತ ಬರ್ಕೊತಾನೆ ನೋಡು,” ಎಂದ.

ಅಧಿಕಾರಿ ಒಳಗೆ ಬಂದು ಹೆಂಡತಿಯ ಎದುರು ಕುಕ್ಕರುಗಾಲಿನಲ್ಲಿ ಕೂತ. ದನಿ ತಗ್ಗಿಸಿದ.

“ಅಮ್ಮ, ಇವತ್ತು ಕೇಳಬಾರದು. ಗುರುವಾರ ಮುಂದಿನ ಸಭೆ ಇದೆ, ಅದಕ್ಕೇ. ಆರೋಗ್ಯ ಕೇಂದ್ರದ ಪಕ್ಕದ ಕೋಣೆ ಕೀಲಿ ಇವರ ಹತ್ರ ಇತ್ತು.”

“ಇವರ ಹತ್ರಾನಾ?”

“ಹೌದಮ್ಮ, ಮೊದಲಿಂದ್ಲೂ. ಪ್ರತಿ ಸಭೆ ಆದ್ಮೇಲೆ ಕುರ್ಚಿ, ಮೈಕು ಎಲ್ಲ ಒಳಗಿಡಿಸಿ ಇವರೇ ಬೀಗ ಹಾಕ್ತಿದ್ರು. ಬಹಳ ಜವಾಬ್ದಾರಿ ಮನುಷ್ಯ. ಒಂದು ಸಲವೂ ಕಳ್ಕೊಂಡಿಲ್ಲ.”

ಹೆಂಡತಿ ಗಂಡನ ಕಡೆಗೆ ನೋಡಿದಳು. ಈಗ ಆ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಟ್ಟಿದ್ದರು. ಬೆಳಿಗ್ಗೆ ಬಲಗೈ ತಟ್ಟಿದ್ದು ಎದೆಯನ್ನಲ್ಲ. ಜೇಬನ್ನು.

ಕಲ್ಲು ಬೇಡ, ಕೀಲಿ ಇಲ್ಲಿದೆ ಎಂದು ಹೇಳುತ್ತಿದ್ದನೇ? ಇಲ್ಲ, ಕಲ್ಲೂ ಬೇಡ, ಕೀಲಿಯೂ ಬೇಡ, ಒಳಗೆ ಏನೂ ಇಲ್ಲ, ವ್ಯಾನು ತಿರುಗಿಸಿ ಪಟ್ಟಣಕ್ಕೆ ಹೋಗಿ ಎನ್ನುತ್ತಿದ್ದನೇ? ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ: ಅವನಿಗೆ ಗೊತ್ತಿತ್ತು.

ಹೋದ ವರ್ಷ, ಮೇಲಿನ ಬೀದಿಯ ಗೋಳು ಕಿವಿಗೆ ಬಿದ್ದ ರಾತ್ರಿ ಅವಳು ಕೇಳಿದ್ದಳು: “ನಿಜವಾಗ್ಲೂ ಆ ಕೋಣೇಲಿ ಮೆಷೀನು ಇದೆಯಾ?” ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. “ಬೀಗ ಹಾಕಿದೆ ಕಣೆ,” ಎಂದಿದ್ದ. ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ.

“ನನಗೆ ಗೊತ್ತಿಲ್ಲ ಸ್ವಾಮಿ,” ಎಂದಳು. ಸೊಂಟದ ಮೇಲಿಟ್ಟುಕೊಂಡ ಕೈಯನ್ನು ತೆಗೆಯಲಿಲ್ಲ. “ಹೇಗಿದ್ರೂ ಬೀಗ ಒಡೆದೋಗಿದೆ. ಬೆಳಿಗ್ಗೆ ಇವರ ತಮ್ಮ ಒಡೆದ.”

ಅಧಿಕಾರಿಯ ಮುಖದಲ್ಲಿ ಒಂದು ಕ್ಷಣ ಏನೋ ಮೂಡಿ ಮರೆಯಾಯಿತು. “ಹೊಸದು ಹಾಕಿಸೋಣ ಬಿಡಿ,” ಎಂದು ಎದ್ದ.

*

ಯೋಜನೆಯ ಮೂರನೆಯ ವರ್ಷದಲ್ಲಿ ಆ ಅಧಿಕಾರಿ ಬಂದಿದ್ದ. ಕೆಟ್ಟವನೇನಲ್ಲ, ಮೈಕಣ್ಣನನ್ನು ಎದುರು ಕೂರಿಸಿಕೊಂಡು, ಟೀ ತರಿಸಿ, ನಕ್ಷೆಯನ್ನು ಬಿಚ್ಚಿ ತೋರಿಸಿದ್ದ. ‘ಆಗಿದೆ’ ಅಂದ ಊರು ಹಸಿರು, ‘ಆಗಿಲ್ಲ’ ಅಂದ ಊರು ಕೆಂಪು. “ಕೆಂಪಾದ್ರೆ ಮುಂದಿನ ಕಂತು ಬರಲ್ಲ. ಕಂತು ಬರದಿದ್ರೆ ಆಗ್ತಿರೋ ಅರ್ಧ ಕೆಲ್ಸಾನೂ ನಿಲ್ಲುತ್ತೆ. ಯಾರಿಗೆ ನಷ್ಟ, ನೀವೇ ಹೇಳಿ. ನಿಮ್ಮ ಜನಕ್ಕೇ.”

ಸಭೆಗಳು ಬಹಳ ಹೊತ್ತು ಎಳೆಯುತ್ತವೆ ಎಂಬ ದೂರೂ ಇತ್ತು. ದಿನವೆಲ್ಲ ದುಡಿದು ಬಂದವರು ಕೂತಲ್ಲೇ ತೂಕಡಿಸುತ್ತಿದ್ದರು. ಹೆಂಗಸರು ಒಲೆಯ ಚಿಂತೆಯಲ್ಲಿ ನಡುವೆಯೇ ಎದ್ದು ಹೋಗುತ್ತಿದ್ದರು. ಒಂದೊಂದು ಕೆಲಸಕ್ಕೂ ಯಾರಾದರೂ ಬಾಯಿ ಬಿಡುವವರೆಗೆ ಕಾಯಬೇಕಾಗಿತ್ತು. ಅವರ ಮೇಲಿನ ಕನಿಕರದಿಂದ ಮೈಕಣ್ಣನೇ ಒಂದು ದಾರಿ ಹೇಳಿಕೊಟ್ಟ. “ನಾನು ಒಂದು ಕೆಲಸ ಓದ್ತೀನಿ. ಒಂದು ಉಸಿರಿನ ಹೊತ್ತು ಕಾಯ್ತೀನಿ. ಯಾರೂ ಏನೂ ಅನ್ನದಿದ್ರೆ ಆಗಿದೆ ಅಂತ ತಿಳ್ಕೊಂಡು ಮುಂದಕ್ಕೆ ಹೋಗ್ತೀನಿ. ಹೇಳೋ ಮಾತಿದ್ದೋರಿಗೆ ನನ್ನ ಒಂದು ಉಸಿರು ಧಾರಾಳ ಸಾಕು.”

ಆಗ ಅದು ಧಾರಾಳವೇ ಆಗಿತ್ತು. ಆ ಉಸಿರಿನಲ್ಲಿ ಒಬ್ಬ ಮನುಷ್ಯ ಎದ್ದು, ಪಂಚೆ ಕೊಡವಿ, ಪಕ್ಕದವನನ್ನು ಕೇಳಿ, ಧೈರ್ಯ ತಂದುಕೊಂಡು ಮಾತಾಡಬಹುದಿತ್ತು. ಅಧಿಕಾರಿ ಸಂತೋಷದಿಂದ ಒಪ್ಪಿಕೊಂಡ. ಊರಿಗೂ ಅದೊಂದು ಆಟದಂತಾಯಿತು. ಅಂಗಡಿಯಲ್ಲಿ ಚೌಕಾಸಿಗೆ ನಿಂತರೆ, “ಬೇಗ ಹೇಳು, ಉಸಿರು ಮುಗೀತು” ಅನ್ನುವರು. ಮದುವೆಗೆ ಹೆಣ್ಣಿನ ಒಪ್ಪಿಗೆ ಕೇಳುವಾಗಲೂ, “ಒಂದು ಉಸಿರು ಕಾದ್ವಿ, ಸುಮ್ಮನಿದಾಳೆ, ಆಯ್ತು” ಎಂದು ನಗುವರು.

ಆಮೇಲೆ ಅವನ ಎದೆಗೆ ರೋಗ ಹತ್ತಿತು. ಬಸ್‌ಸ್ಟ್ಯಾಂಡಿನ ಹೊಗೆ ಎಂದರು, ವಯಸ್ಸು ಎಂದರು. ಉಸಿರು ವರ್ಷದಿಂದ ವರ್ಷಕ್ಕೆ ಗಿಡ್ಡವಾಯಿತು. ಉಸಿರಿನ ಜೊತೆಗೆ ಜನರಿಗೆ ಸಿಗುತ್ತಿದ್ದ ಹೊತ್ತೂ ಗಿಡ್ಡವಾಯಿತು. ನಿಯಮ ಒಂದು ಉಸಿರು ಎಂದಿತ್ತು. ಅವನು ನಿಯಮದಂತೆಯೇ ನಡೆದುಕೊಂಡ. ನಕ್ಷೆ ಹಸಿರಾಗುತ್ತ ಬಂತು. ಸಭೆಯನ್ನು ಸಂಜೆಯಿಂದ ನಡುಹಗಲಿಗೆ ತಂದದ್ದೂ ಅವನ ಆರೋಗ್ಯಕ್ಕಾಗಿಯೇ ಎಂದು ಅಧಿಕಾರಿ ಹೇಳಿದ. ಆ ಹೊತ್ತಿನಲ್ಲಿ ಮೇಲಿನ ಬೀದಿಯ ಗಂಡಸರೆಲ್ಲ ಕಲ್ಲುಗಣಿಯಲ್ಲಿರುತ್ತಿದ್ದರು. ಇನ್ನೊಬ್ಬ ಓದುವವನನ್ನು ಇಟ್ಟುಕೊಳ್ಳಿ ಎಂದು ಮೈಕಣ್ಣ ಒಮ್ಮೆ ಕೇಳಿಕೊಂಡಾಗ ಅಧಿಕಾರಿ ಬೆನ್ನು ತಟ್ಟಿದ್ದ. “ನಿಮ್ಮಷ್ಟು ಚೆನ್ನಾಗಿ ಯಾರು ಓದ್ತಾರೆ!”

ಮೈಕನ್ನು ಬಿಟ್ಟುಕೊಡಲು ಅವನಿಗೂ ಮನಸ್ಸಿರಲಿಲ್ಲ. ಅದು ದೇವರಿಗೆ ಗೊತ್ತಿದ್ದ ವಿಷಯ.

*

ಹೆಂಡತಿ ಬಟ್ಟೆಯ ಗಂಟನ್ನು ಎತ್ತಿಕೊಂಡು ಎದ್ದು ನಿಂತಾಗ ಹೆಂಗಸರು ತಡೆದರು. “ಹೆಣ ಮನೇಲಿರುವಾಗ ನೀನೆಲ್ಲಿಗಮ್ಮ?” ದೊಡ್ಡಪ್ಪ ಕೈ ಎತ್ತಿ, “ಹೋಗ್ಲಿ ಬಿಡಿ,” ಎಂದರು.

ಮೇಲಿನ ಬೀದಿಯ ಬಾಗಿಲುಗಳಲ್ಲಿ ನಿಂತಿದ್ದವರು ಅವಳನ್ನು ಕಂಡು ಒಳಗೆ ಸರಿದರು. ದರ್ಜಿಯ ಮನೆಯಲ್ಲಿ ಮೆಷೀನು ಕಿಟಕಿಗೆ ಒತ್ತಿಕೊಂಡಿತ್ತು. ಶಾಲೆಯ ಸಮವಸ್ತ್ರದ ತುಂಡುಗಳು ನೆಲದ ಮೇಲೆ ಹರಡಿದ್ದವು. ಒಳಗೆ ಗೋಡೆಗೆ ಒರಗಿ ಅವಳ ಮಗಳು ಕೂತಿದ್ದಳು. ಬಂದವರನ್ನು ನೋಡಿಯೂ ನೋಡದ ಹಾಗೆ. ದರ್ಜಿಯ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿದ್ದವು. ಕೆಲಸ ಮಾಡುವಾಗಲೂ ಮಾಡದಿದ್ದಾಗಲೂ ಅವು ಅಲ್ಲೇ ಇರುತ್ತಿದ್ದವು.

ಹೋದ ವರ್ಷದ ಸಭೆಗೂ ಅವಳು ಹೊಲಿಗೆ ಹಿಡಿದುಕೊಂಡೇ ಬಂದಿದ್ದಳು. ಮಗಳು ತುಂಬಿದ ಬಸುರಿ. “ಆರೋಗ್ಯ ಕೇಂದ್ರದ ತುರ್ತು ಕೋಣೆ. ಹಾಸಿಗೆ, ಉಸಿರಾಟದ ಯಂತ್ರ, ರಾತ್ರಿಯ ನರ್ಸು. ಕೆಲಸ ಮುಗಿದಿದೆ,” ಎಂದು ಮೈಕಣ್ಣ ಓದಿದ. ಆ ಕೋಣೆ ತೆರೆದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಕೈ ಎತ್ತಿ ಎದ್ದು ನಿಂತಳು, ಬಾಯಲ್ಲಿ ಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಳ್ಳುವಷ್ಟರಲ್ಲಿ ಅವನ ಉಸಿರು ಮುಗಿದಿತ್ತು. “ಮುಂದಿನದು, ಮಾರುಕಟ್ಟೆಯ ದೀಪಗಳು.” ಅವಳು ಕೂಗಿದಳು. “ಆ ಬಾಬ್ತು ಆಯ್ತಮ್ಮ, ಕೂತ್ಕೊಳ್ಳಿ,” ಎಂದ ಅಧಿಕಾರಿ. ಮೈಕಣ್ಣ ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದ. ನೋಡಿ, ಹಾಳೆ ತಿರುವಿದ.

ತಿಂಗಳು ಕಳೆಯುವುದರೊಳಗೆ ಮಗಳಿಗೆ ಹೆರಿಗೆಯಾಯಿತು. ಮಗು ಅಳಲಿಲ್ಲ, ನೀಲಿಗಟ್ಟಿತ್ತು. ಅದನ್ನು ಎದೆಗವಚಿಕೊಂಡು ಅಜ್ಜಿ ಓಡಿ ಬಂದು ಆ ಬಾಗಿಲ ಮುಂದೆ ನಿಂತಳು. ಬಾಗಿಲಿಗೆ ಬೀಗವಿತ್ತು.

ಹೆಂಡತಿ ಕೀಲಿಯನ್ನು ಮೆಷೀನಿನ ಹಲಗೆಯ ಮೇಲಿಟ್ಟಳು.

ದರ್ಜಿ ತುಳಿಯುವುದನ್ನು ನಿಲ್ಲಿಸಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು.

“ಯಾವ ಬೀಗದ್ದು?”

“ಆ ಕೋಣೇದು. ಇವರ ಜೇಬಲ್ಲಿತ್ತು.”

ಒಳಗೆ ಮಗಳು ತಲೆ ಎತ್ತಿದಳು.

“ನಿನಗೆ ಗೊತ್ತಿತ್ತಾ?” ಎಂದಳು ದರ್ಜಿ.

“ಇವತ್ತು ಗೊತ್ತಾಯ್ತು.”

“‘ಬೀಗ ಹಾಕಿದ ಕೋಣೆ ಒಳಗೆ ಏನಿದೆ ಅಂತ ನನ್ನ ಗಂಡನಿಗೇನು ಕನಸು ಬೀಳುತ್ತಾ’ ಅಂದಿದ್ದೆ ನೀನು. ನಲ್ಲಿ ಹತ್ರ, ಅಷ್ಟು ಜನರ ಮುಂದೆ. ನಾನು ಕೊಡ ತಗೊಂಡು ಸುಮ್ನೆ ಬಂದೆ.”

“ಅಂದಿದ್ದೆ.”

“ಈಗೇನು? ಕ್ಷಮಿಸ್ಬಿಡು ಅಂತ ಕೇಳೋಕೆ ಬಂದ್ಯಾ?”

“ಕೇಳ್ಬೇಕು ಅಂತಾನೇ ಹೊರಟೆ. ಈ ದೂರು ಹೊತ್ಕೊಂಡು ಅವರು ಮಣ್ಣಿಗೆ ಹೋಗಬಾರದು ಅನ್ನೋದೊಂದೇ ನನಗೆ. ಆದ್ರೆ ಇಲ್ಲಿಗೆ ಬಂದ್ಮೇಲೆ ನಾಲಿಗೆ ಏಳ್ತಿಲ್ಲ.” ಹೆಂಡತಿ ಮೆಷೀನಿನ ಅಂಚು ಹಿಡಿದುಕೊಂಡಳು. “ಗುಂಡಿ ಹತ್ರ ದೊಡ್ಡಪ್ಪ ಎಲ್ರನ್ನೂ ಕೇಳ್ತಾರೆ. ಅಲ್ಲಿಗೆ ಬಾ ಅಕ್ಕ. ಏನು ಬೇಕಾದ್ರೂ ಹೇಳು. ಸುಮ್ನೆ ಮಾತ್ರ ಇರ್ಬೇಡ. ನೀನು ಸುಮ್ನಿದ್ರೆ ಅದನ್ನೂ ಆಗಿದೆ ಅಂತ ಬರ್ಕೊಂಡು ಹೋಗ್ತಾರೆ ಇವರು.”

ದರ್ಜಿ ಕೈ ಚಾಚಿ ಗಂಟನ್ನು ಎಳೆದುಕೊಂಡು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಹೊಲೀತೀನಿ. ಹೊಲಿಯೋದು ನನ್ನ ಕಸುಬು. ಕ್ಷಮಿಸೋದು ನನ್ನ ಕಸುಬಲ್ಲ.” ಕೀಲಿಯನ್ನು ಅಳತೆಯ ಟೇಪಿನ ತುದಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. “ಇದು ನನ್ನ ಹತ್ರ ಇರ್ಲಿ.”

*

ಸ್ಮಶಾನದ ದಾರಿ ಮೇಲಿನ ಬೀದಿಯನ್ನು ಹಾದೇ ಹೋಗಬೇಕು. ಹೆಣ ಹೊತ್ತವರು ಕೆಳಗಿನ ಬೀದಿಯವರೇ. ಏರಿನಲ್ಲಿ ಏದುಸಿರು ಬಿಡುತ್ತಿದ್ದರು. “ಉಸಿರೆಲ್ಲ ಮೊದ್ಲೇ ಹೋಗಿದ್ರೂ ಭಾರ ಕಡಿಮೆ ಆಗಿಲ್ವಲ್ಲೋ,” ಎಂದ ಟೀ ಅಂಗಡಿಯವನು. ತಮ್ಮ ಅವನನ್ನು ಗದರಿಸಲಿಲ್ಲ. ಮನೆಗಳಿಂದ ಒಬ್ಬೊಬ್ಬರಾಗಿ ಜನ ಹೊರಗೆ ಬಂದು, ಹೆಗಲು ಕೊಡದೆ, ಸ್ವಲ್ಪ ದೂರ ಬಿಟ್ಟು ಹಿಂದೆ ನಡೆದರು.

ದರ್ಜಿ ಗುಂಡಿಯ ಬಳಿ ಮಂಡಿಯೂರಿದಳು. ಮುಖ ನೋಡುವವರಿಗಾಗಿ ಬಟ್ಟೆಯ ತಲೆಯ ಭಾಗವನ್ನು ಹೊಲಿಯದೆ ಸೂಜಿಗಳಿಂದ ಹಿಡಿದಿಟ್ಟಿದ್ದಳು. ಎಲ್ಲರೂ ನೋಡಿದ ಮೇಲೆ ಸೂಜಿಗಳನ್ನು ಕಿತ್ತು ತುಟಿಗೆ ಕಚ್ಚಿಕೊಳ್ಳುತ್ತ ಕೊನೆಯ ಹೊಲಿಗೆ ಹಾಕತೊಡಗಿದಳು. ನೇರವಾದ, ಒತ್ತಾದ ಹೊಲಿಗೆ. ಬಗ್ಗಿದಾಗ ಕೊರಳಿನ ಟೇಪಿನ ತುದಿಯಲ್ಲಿ ತಗಡಿನ ಬಿಲ್ಲೆ ತೂಗಾಡಿತು. ಹಿಂದೆ ನಿಂತಿದ್ದ ಅಧಿಕಾರಿ ಅದನ್ನು ಗುರುತಿಸಿದ. ಕೂಡಲೇ ಕೈಯಲ್ಲಿದ್ದ ಫೋನಿನ ಕಡೆ ನೋಡತೊಡಗಿದ.

ದೇಹವನ್ನು ಇಳಿಸಿದ ಮೇಲೆ ದೊಡ್ಡಪ್ಪ ಕೋಲೂರಿ ಮುಂದೆ ಬಂದರು.

“ಇವನು ನಮ್ಮ ನಡುವೆ ಬಾಳಿದ. ಇವನ ಮೇಲೆ ಯಾರಿಗಾದ್ರೂ ದೂರಿದ್ರೆ ಈಗಲೇ ಹೇಳಿಬಿಡಿ.” ಬಾಯಿಗೆ ಬಂದ ಅಭ್ಯಾಸದ ಮಾತು ಹಿಂದೆಯೇ ಬಂತು: “ಒಂದು ಉಸಿರು ಕಾಯ್ತೀನಿ. ಯಾರೂ ಏನೂ ಅನ್ನದಿದ್ರೆ ಕ್ಷಮಿಸಿದೀರಿ ಅಂತ ತಿಳ್ಕೊಂಡು ಪ್ರಾರ್ಥನೆ ಹೇಳ್ತೀನಿ.”

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು. ತುಟಿ ಅರ್ಧ ತೆರೆದು ನಿಂತರು. ಯಾರೂ ಅಲುಗಾಡಲಿಲ್ಲ. ಕೆಳಗಿನ ಬೀದಿಯವರು ನೆಲ ನೋಡಿದರು. ಮೈಕಣ್ಣನ ತಮ್ಮ ಗುದ್ದಲಿ ಎತ್ತಿಕೊಂಡ.

“ದೊಡ್ಡಪ್ಪ, ಕಾಯಿರಿ,” ಎಂದಳು ಹೆಂಡತಿ. “ಅವಳ ಬಾಯಲ್ಲಿ ಸೂಜಿ ಇದೆ.”

ಎಲ್ಲರೂ ತಿರುಗಿ ನೋಡಿದರು. ದರ್ಜಿ ಎದ್ದು ನಿಂತಿದ್ದಳು. ಒಂದು ಸೂಜಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. ಇನ್ನೊಂದು. ಅವಸರ ಮಾಡಲಿಲ್ಲ. ಅಧಿಕಾರಿ ಕೆಮ್ಮಿದ, ಯಾರೂ ಆ ಕಡೆ ನೋಡಲಿಲ್ಲ. ತೆಗೆದಿಟ್ಟ ಮಣ್ಣಿನ ಮೇಲೆ ಗಾಳಿ ಹಾದುಹೋಯಿತು. ಕೊನೆಯ ಸೂಜಿ ತುಟಿಯ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಅದನ್ನೂ ತೆಗೆದಳು.

“ಇಲ್ಲ,” ಎಂದಳು. “ನಾನು ಕ್ಷಮಿಸಿಲ್ಲ.”

ದನಿ ದೊಡ್ಡದಾಗಿರಲಿಲ್ಲ. ಹೆಂಡತಿ ಗುಂಡಿಯ ಅಂಚಿನಲ್ಲಿ ನಿಂತು, ಉಸಿರೆಳೆದುಕೊಂಡು, ಹಿಂದೆ ನಿಂತವರಿಗೂ ಕೇಳುವಂತೆ ಅದನ್ನು ಮತ್ತೆ ಹೇಳಿದಳು:

“ಕ್ಷ-ಮಿ-ಸಿ-ಲ್ಲ.”

ಮೇಲಿನ ಬೀದಿಯವರಲ್ಲಿ ಯಾರೋ ಬಿಕ್ಕಿದರು. ದರ್ಜಿ ಹೆಂಡತಿಯ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ದರ್ಜಿಯ ಬರಿದಾದ ತುಟಿಗಳ ಮೇಲೆ ಸೂಜಿಗಳ ಗುರುತು ಸಾಲಾಗಿ ಉಳಿದಿತ್ತು.

ದೊಡ್ಡಪ್ಪ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಬಹಳ ಹೊತ್ತು ಕಾದರು. ಆಮೇಲೆ ಕೋಲನ್ನು ನೆಲಕ್ಕಿಟ್ಟು ಎರಡೂ ಕೈಗಳನ್ನು ಎತ್ತಿದರು.

“ದೇವರೇ, ಉಸಿರು ಕೊಟ್ಟವನು ನೀನು, ಹಿಂದಕ್ಕೆ ತೆಗೆದುಕೊಂಡವನೂ ನೀನು. ಇವನು ಓದಿದ್ದೂ ನಿನಗೆ ಗೊತ್ತು, ಓದದೆ ನುಂಗಿದ್ದೂ ಗೊತ್ತು. ಈ ತಾಯಿ ಆಡಿದ ಮಾತನ್ನು ನಾವು ಕೇಳಿದ್ದೇವೆ, ನೀನೂ ಕೇಳು. ಅದನ್ನು ದಾಟಿ ಮುಂದಕ್ಕೆ ಹೋಗಬೇಡ. ಬಾಗಿಲ ಮುಂದೆ ನೀಲಿಗಟ್ಟಿದ ಆ ಕೂಸನ್ನು ಮೊದಲು ಎತ್ತಿಕೋ. ಆಮೇಲೆ, ನಿನ್ನ ಕರುಣೆಯಲ್ಲಿ ಜಾಗ ಉಳಿದಿದ್ದರೆ, ಇವನ ಎದೆಯ ಬಿಗಿತವನ್ನು ಸಡಿಲಿಸು. ಇವನಿಗೆ ಶಾಂತಿ ಕೊಡು.”